ವಿಮಾನ ಹತ್ತದ ಪಂಪು

ಪ್ರಯಾಣದಲ್ಲಿ ಸಾಮಾನನ್ನು ಎಲ್ಲಿ ಇಟ್ಟುಕೊಳ್ಳುತ್ತೇವೆ ಎಂಬುದರಿಂದ ಅದರ ಮೇಲೆ ನಮಗಿರುವ ಪ್ರೀತಿಯನ್ನು ಅಳೆಯಬಹುದು ಎಂದು ನಂಬಿದವನು ನಾನು. ಗಡಹಿಂಗ್ಲಜದ ಬಸ್ಸಿನಲ್ಲಿ ಅಕ್ಕಿ, ಬೆಲ್ಲ ಸೀಟಿನ ಕೆಳಗೆ ಹೋಗುತ್ತವೆ. ಜೀವಕ್ಕೆ ಜೀವವಾದದ್ದು ತೊಡೆಯ ಮೇಲೆ ಕೂಡುತ್ತದೆ. ನಮ್ಮಪ್ಪ ಕೊಲ್ಲಾಪುರದಿಂದ ಮೊದಲ ಸಲ ಮಿಕ್ಸರ್ ಕೊಂಡು ತಂದ ದಿನ ಅದನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಆರು ವರ್ಷದ ನನ್ನನ್ನು ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸಿನ ತೊಡೆಗೆ ದಾಟಿಸಿದ್ದರು. ನನಗೇನೂ ಬೇಸರವಾಗಲಿಲ್ಲ, ಆಕೆ ಶೇಂಗಾ ಕೊಟ್ಟಳು. ಆದರೆ ಆ ಸಂಸ್ಕಾರ ಮೈಯಲ್ಲಿ ಉಳಿದುಬಿಟ್ಟಿತು. ಹೋದ ವರ್ಷ ಮಿಲಾನಿನಿಂದ ವಿಯೆನ್ನಾಕ್ಕೆ ವಿಮಾನ ಹತ್ತಲು ಹೊರಟಾಗ ನಾನು ತೊಡೆಗೆಂದು ಮೀಸಲಿಟ್ಟದ್ದು ಆರು ಕಿಲೋ ತೂಕದ ಒಂದು ಬೀಡುಕಬ್ಬಿಣದ ಪಂಪು.

ಕೊಲ್ಲಾಪುರದ ಪಕ್ಕದ ಶಿರೋಳಿಯಲ್ಲಿ ನನ್ನದೊಂದು ಸಣ್ಣ ಫೌಂಡ್ರಿ ಇದೆ. ಕರಗಿದ ಬೀಡನ್ನು ಅಚ್ಚಿಗೆ ಹೊಯ್ದು ಪಂಪು ಮಾಡುವುದು ನಮ್ಮ ಕೆಲಸ. ಹೊಯ್ಯುವಾಗ ಗಾಳಿ ಸಿಕ್ಕಿಕೊಂಡರೆ ಒಳಗೆ ಗುಳ್ಳೆ ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಪಂಪು ಮದುಮಗನ ಹಾಗಿರುತ್ತದೆ. ವಿಯೆನ್ನಾದ ಒಂದು ಕಂಪನಿಯವರು ನಮ್ಮ ಮಾದರಿಯನ್ನು ಎರಡು ಸಲ ಕತ್ತರಿಸಿ, ಗುಳ್ಳೆಯ ಫೋಟೋ ತೆಗೆದು ಕಳಿಸಿದ್ದರು. ಮೂರನೆಯದೇ ಕೊನೆಯದು ಎಂದೂ ಬರೆದಿದ್ದರು. ಅದು ಪಾಸಾದರೆ ಮೂರು ವರ್ಷದ ಆರ್ಡರು. ಆಗದಿದ್ದರೆ ನಮ್ಮ ಎರಡು ಭಟ್ಟಿಗಳಲ್ಲಿ ಒಂದಕ್ಕೆ ಬೀಗ. ಹೇಗೂ ಮಿಲಾನಿನ ಯಂತ್ರ ಪ್ರದರ್ಶನಕ್ಕೆ ಹೋಗುವುದಿತ್ತು. ಅಲ್ಲಿಂದ ಮುಂದೆ ಹೋಗಿ ನಾನೇ ಕೈಯಾರೆ ಕೊಟ್ಟು ಬರುವುದೆಂದು ನಿಶ್ಚಯಿಸಿದೆ.

ನನ್ನ ಹೆಂಡತಿ ಶಾರದಾ ಇಚಲಕರಂಜಿಯ ಮಗ್ಗದವರ ಮನೆಯ ಮಗಳು. "ನೀವು ಬೀಡ ನೋಡಾಕ ಹೊಂಟೀರಿ, ನಾ ಊರ ನೋಡಾಕ ಬರ್ತೇನಿ" ಎಂದು ಅವಳೂ ಹೊರಟಳು. ಅವಳ ತಮ್ಮ ಮಹಾಂತೇಶನೇ ನಮ್ಮ ಫೌಂಡ್ರಿಯ ಲೇತು, ಡ್ರಿಲ್ಲು ನೋಡಿಕೊಳ್ಳುವವನು. ಅಕ್ಕನ ಗಂಡನನ್ನು ನಮ್ಮ ಕಡೆಯ ಮರಾಠಿ ರೂಢಿಯಂತೆ ದಾಜಿ ಎನ್ನುತ್ತಾನೆ. ಪಂಪನ್ನು ಶಾರದಾಳ ಹಳೆಯ ಸೀರೆಯಲ್ಲಿ ಸುತ್ತಿ, "ದಾಜಿ, ಕೂಸಿನಗತೆ ಹಿಡಕೊಂಡ ಹೋಗ್ರಿ" ಎಂದು ನನ್ನ ಕೈಯಲ್ಲಿಟ್ಟ. ಮಿಲಾನಿನವರೆಗೆ ಅದು ದೊಡ್ಡ ಪೆಟ್ಟಿಗೆಯಲ್ಲಿ ಜೋಳದ ರೊಟ್ಟಿಗಳ ನಡುವೆ ಸುಖವಾಗಿ ಮಲಗಿತ್ತು. ನಾಲ್ಕು ದಿನದಲ್ಲಿ ಆ ಮೆತ್ತೆಯನ್ನು ನಾವಿಬ್ಬರೂ ತಿಂದು ಮುಗಿಸಿದ್ದರಿಂದ, ಇನ್ನು ಪೆಟ್ಟಿಗೆಯಲ್ಲಿಟ್ಟರೆ ಯಾರಾದರೂ ಎತ್ತಿ ಒಗೆದು ಬೀಡು ಸೀಳೀತೆಂದು ಹೆದರಿ ಕೈಚೀಲಕ್ಕೆ ಹಾಕಿಕೊಂಡೆ.

ಹಾರಾಟ ಸವಾ ತಾಸಿನದು. ಅಷ್ಟರಲ್ಲಿ ನಮ್ಮ ಬಸ್ಸು ಕೊಲ್ಲಾಪುರದ ದಾರಿಯ ಕಾಗಲ್ ಕೂಡ ದಾಟಿರುವುದಿಲ್ಲ. ಆದರೆ ತಪಾಸಣೆಯ ಯಂತ್ರದಲ್ಲಿ ನನ್ನ ಚೀಲ ಹೊಕ್ಕದ್ದೇ ತಡ, ಪಟ್ಟಿ ನಿಂತಿತು. ಅಧಿಕಾರಿ ಹೆಣ್ಣುಮಗಳು ಪರದೆಯನ್ನು ನನ್ನ ಕಡೆ ತಿರುಗಿಸಿ, ಇದೇನೆಂದು ಇಂಗ್ಲಿಷಿನಲ್ಲಿ ಕೇಳಿದಳು. ಗುರುತಿಲ್ಲದವರೆಲ್ಲ ಮರಾಠಿಯವರೇ ಎಂಬುದು ಶಾರದಾಳ ಲೆಕ್ಕ. "ಅಹೋ ಬಾಯೀ, ಪಂಪ್ ಆಹೇ, ಪಾಣ್ಯಾಚಾ!" ಎಂದು ಕೈಯೆತ್ತಿ ನೀರು ಚಿಮ್ಮುವುದನ್ನು ತೋರಿಸಿದಳು. ಇನ್ನೊಬ್ಬ ಅಧಿಕಾರಿಯೂ ಓಡಿ ಬಂದ.

ನನಗೆ ಮಾತ್ರ ಅವರಾರೂ ಕಾಣುತ್ತಿರಲಿಲ್ಲ. ಶಿರೋಳಿಯಲ್ಲಿ ಒಂದು ಎರಕದ ಎಕ್ಸ್‌ರೇ ಬೇಕೆಂದರೆ ಪುಣೆಗೆ ಕಳಿಸಿ ವಾರಗಟ್ಟಲೆ ಕಾಯಬೇಕು. ಇಲ್ಲಿ ಕೇಳದೆಯೇ ತೆಗೆದು ತೋರಿಸುತ್ತಿದ್ದಾರೆ! ಕೈಮುಗಿದು, "ಮೇಡಂ, ಒಂದು ಸಲ ಅಡ್ಡ ಮಲಗಿಸಿ ತೆಗೆಯಿರಿ" ಎಂದೆ. ಇಂಥ ಬೇಡಿಕೆಯನ್ನು ಆಕೆ ಹಿಂದೆ ಕೇಳಿರಲಿಕ್ಕಿಲ್ಲ. ಆದರೂ ತನ್ನ ಅನುಮಾನಕ್ಕಾಗಿಯೇ ಇರಬೇಕು, ಅಡ್ಡ ಮಲಗಿಸಿದಳು. ಕಪ್ಪು ಬೀಡಿನ ನಡುವೆ ಕಡಲೆಯಷ್ಟು ದುಂಡನೆಯ ಬೆಳ್ಳನೆ ಚುಕ್ಕೆ ಮೂಡಿತು. ಗುಳ್ಳೆ! ಮೂರನೆಯ ಸಲವೂ ಗುಳ್ಳೆ!

ಇಷ್ಟು ಭಾರದ ಕಬ್ಬಿಣ ಒಳಗೆ ಬರುವಂತಿಲ್ಲ, ಹಿಂದೆ ಹೋಗಿ ಲಗೇಜಿಗೆ ಹಾಕಿ, ಇಲ್ಲವೇ ಇಲ್ಲೇ ಬಿಡಿ ಎಂದಳು ಆಕೆ.

"ನಡೀರಿ, ಲಗೇಜಿಗೆ ಹಾಕಿ ಬರೂಣು. ಇನ್ನ ಭಾಳ ಹೊತ್ತೈತಿ" ಎಂದಳು ಶಾರದಾ.

"ಬ್ಯಾಡ. ಇಲ್ಲೇ ಇರ್ಲಿ."

"ತಲಿ ಕೆಟ್ಟೈತೇನ್ರಿ ನಿಮಗ? ಇಲ್ಲೀಮಟ ಹೊತಗೊಂಡ ಬಂದು ಈಗ ಬಿಟ್ಟ ಹೊಂಟೀರಿ?"

"ಒಳಗ ಗುಳ್ಳಿ ಐತಿ. ಅವರ ಮುಂದ ಕತ್ತರಿಸಿ ಮರ್ಯಾದಿ ಕಳಕೊಳ್ಳೂದಕಿಂತ ಇದ ಛಲೋ."

ಬಿಟ್ಟ ಸಾಮಾನನ್ನು ಮರಳಿ ಪಡೆಯಲು ಅಧಿಕಾರಿ ಒಂದು ಚೀಟಿ ಬರೆದುಕೊಟ್ಟಳು. ನಾನು ಅದರ ಕಡೆ ನೋಡಲಿಲ್ಲ, ಶಾರದಾ ಇಸಿದುಕೊಂಡಳು. ವಿಮಾನದಲ್ಲಿ ನನ್ನ ತೊಡೆ ಬರಿದಾಗಿತ್ತು. ಅವಳು ಕಿಟಕಿಯಿಂದ ಮೋಡಗಳನ್ನು ತೋರಿಸಿದರೆ ನನಗೆ ಅವೂ ಗುಳ್ಳೆಗಳಾಗಿಯೇ ಕಂಡವು. ಬೀಗ ಬೀಳುವ ಭಟ್ಟಿಯನ್ನೂ ಅದರ ಮುಂದೆ ಇಪ್ಪತ್ತು ವರ್ಷದಿಂದ ದುಡಿಯುವವರನ್ನೂ ನೆನೆದು ನಿಜವಾಗಿಯೂ ಅಳು ಬಂತು. ಗಗನಸಖಿ ಬಂದು ನೀರು ಬೇಕೇ ಎಂದು ಕೇಳಿದಳು.

ವಿಯೆನ್ನಾದ ಕಂಪನಿಯಲ್ಲಿ ವಯಸ್ಸಾದ ಒಬ್ಬ ಇಂಜಿನಿಯರು ನಮ್ಮನ್ನು ಬರಮಾಡಿಕೊಂಡರು. "ಪಂಪನ್ನು ವಿಮಾನಕ್ಕೆ ಬಿಡಲಿಲ್ಲ" ಎಂದು ಜೋಲು ಮೋರೆಯಲ್ಲಿ ಹೇಳಿದೆ. ಸುಳ್ಳಂತೂ ಅಲ್ಲ. ಪುಣ್ಯಾತ್ಮರು ಮರುಗಿದರು. ಆಮೇಲೆ ನಕ್ಷೆ ಹರಡಿ ಒಂದು ಕಡೆ ಬೆರಳಿಟ್ಟು, ತಾವು ಕೊನೆಯ ಗಳಿಗೆಯಲ್ಲಿ ಕೇಳಿದ ಎಣ್ಣೆಯ ದಾರಿಯನ್ನು ಒಳಗೆ ಕೊರೆದು ಅದರ ಬಾಯಿಗೆ ಬಿರಡೆ ಬಡಿದಿರುವುದಾಗಿ ಮಹಾಂತೇಶ ಬರೆದಿದ್ದಾನೆ, ಬಹಳ ಸಂತೋಷ ಎಂದರು. ಅವರ ಬೆರಳಿದ್ದದ್ದು ಪರದೆಯಲ್ಲಿ ನಾನು ಕಂಡ ಬೆಳ್ಳನೆ ಚುಕ್ಕೆಯ ಜಾಗದ ಮೇಲೆ. ಗಾಳಿ ಅಷ್ಟು ದುಂಡಗೆ ಗುಳ್ಳೆ ಮಾಡುವುದಿಲ್ಲ ಎಂಬುದು ಇಪ್ಪತ್ತೈದು ವರ್ಷ ಬೀಡು ಹೊಯ್ದ ನನಗೆ ಆಗ ಹೊಳೆಯಿತು. ನನಗೂ ಫೋನಿನಲ್ಲಿ ಹೇಳಿದ್ದಾಗಿ ಮಹಾಂತೇಶ ಅದರಲ್ಲೇ ಬರೆದಿದ್ದನಂತೆ. ನಾನಾಗ ಇಚಲಕರಂಜಿಯ ಟೇಲರನ ಮುಂದೆ ಕೋಟಿಗೆ ಅಳತೆ ಕೊಡುತ್ತಿದ್ದೆ. ಆ ಟೇಲರು ನನ್ನ ಹೊಟ್ಟೆಯ ಸುತ್ತಳತೆ ಕೂಗಿದ ಮೇಲೆ ಬೇರೇನೂ ನನ್ನ ಕಿವಿಗೆ ಬಿದ್ದಿರಲಿಲ್ಲ.

ಶಾರದಾ ಪರ್ಸಿನಿಂದ ಆ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ಇಂಜಿನಿಯರು ಮಿಲಾನಿನ ತಮ್ಮವರೊಬ್ಬರಿಗೆ ಫೋನು ಮಾಡಿದರು. ಮೂರನೆಯ ದಿನ ಪಂಪು ರಸ್ತೆಯ ದಾರಿಯಿಂದ, ಸೀರೆಯ ಸಮೇತ ಬಂದಿಳಿಯಿತು. ಕತ್ತರಿಸಿದರು. ಒಳಗೆ ಒಂದೇ ಒಂದು ಗುಳ್ಳೆಯಿರಲಿಲ್ಲ.

ಆರ್ಡರು ಬಂತು, ಎರಡೂ ಭಟ್ಟಿ ಉರಿಯುತ್ತಿವೆ. ಪಂಪಿಗಾಗಿ ದಾಜಿ ಪರದೇಶದ ಪೊಲೀಸರ ಜೊತೆ ಜಗಳಾಡಿದರೆಂದು ಮಹಾಂತೇಶ ಶಿರೋಳಿಯೆಲ್ಲ ಹೇಳಿಕೊಂಡು ತಿರುಗುತ್ತಾನೆ. ಊರಿಗೆ ಮರಳಿದ ದಿನವೇ ಊಟಕ್ಕೆ ಕೂತಾಗ ಕೇಳಿದ್ದ:

"ದಾಜಿ, ನಾ ಕೊರದ ಹೋಲ್ ಹೆಂಗ ಬಂದಿತ್ರಿ?"

ಬಡಿಸುತ್ತಿದ್ದ ಶಾರದಾ ಸೌಟು ಹಿಡಿದು ಅಲ್ಲೇ ನಿಂತಳು.

"ಭಾಳ ಛಲೋ ಬಂದಿತ್ತಪಾ" ಎಂದೆ. "ನೋಡಿದ ಮ್ಯಾಲ ವಿಮಾನದಾಗ ಕುಂತ ಕಣ್ಣೀರ ಹಾಕೇನಿ."

ಅವನು ಎದ್ದು ಬಂದು ನನ್ನ ಕಾಲು ಮುಟ್ಟಿದ. ನಾನು ಆಶೀರ್ವಾದ ಮಾಡಿದೆ.