ಮೇಜಿಲ್ಲದ ಮೇಜಿನ ಫೋನು

ಆರಿಸುವ ಕೆಲಸ ನನಗೆ ಆಗಿಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಒಮ್ಮೆ ಛತ್ರಿ ಕೊಳ್ಳಲು ಹೋಗಿ, ಅಂಗಡಿಯಲ್ಲಿದ್ದ ಅಷ್ಟೂ ಛತ್ರಿಗಳನ್ನು ಬಿಚ್ಚಿಸಿ ನೋಡಿ, ಕೊನೆಗೆ ತೂತಿದ್ದ ಒಂದನ್ನೇ ಆರಿಸಿ ತಂದವನು ನಾನು. ಹೆಂಡತಿಯನ್ನಾದರೂ ಸರಿಯಾಗಿ ಆರಿಸಿಕೊಂಡಿದ್ದೀರಿ ಎಂದು ಯಾರಾದರೂ ಹೇಳಿದರೆ, ಅದು ನಮ್ಮ ಸೋದರತ್ತೆ ಮಾಡಿದ ಕೆಲಸ ಎಂದು ತಿದ್ದಬೇಕಾಗುತ್ತದೆ. ಇಂಥವನನ್ನು ಟೆಲಿಫೋನ್ ಆಫೀಸಿನ ಕೌಂಟರಿನ ಮುಂದೆ ನಿಲ್ಲಿಸಿ, ‘ಫೋನು ಗೋಡೆಯದು ಬೇಕೋ, ಮೇಜಿನದು ಬೇಕೋ?’ ಎಂದು ಕೇಳಿದರೆ ಏನು ಗತಿ?

ಆಗಿನ್ನೂ ಕೊಡಗು ಪ್ರತ್ಯೇಕ ರಾಜ್ಯ. ನಾನು ಕೊಡ್ಲಿಪೇಟೆಯಿಂದ ಬಂದು ವಿರಾಜಪೇಟೆಯಲ್ಲಿ ವಕೀಲಿ ಹಿಡಿದಿದ್ದೆ. ಬಾಡಿಗೆ ಮನೆಯ ಮುಂದಿನ ಕೋಣೆಯೇ ಆಫೀಸು. ಒಂದು ಮೇಜು, ಕಕ್ಷಿಗಾರರಿಗೆ ಎರಡು ಕುರ್ಚಿ, ನಾನು ಓದಿದ್ದಕ್ಕಿಂತ ದಪ್ಪವಾಗಿ ಕಾಣುವ ಪುಸ್ತಕಗಳು. ಕರಾರು ಪತ್ರ ಬರೆದುಕೊಡುವ ವಕೀಲ ಎಂದಷ್ಟೇ ನನಗೆ ಹೆಸರಿತ್ತು. ಆ ಹೆಸರನ್ನು ಅಳಿಸಬೇಕಾದರೆ ಮೇಜಿನ ಮೇಲೊಂದು ಕಪ್ಪು ಫೋನು ಇರಬೇಕೆಂದು ನನಗೆ ಹೊಳೆಯಿತು. ಊರಿನ ಹಿರಿಯ ವಕೀಲರು ಮೊಣಕೈಯನ್ನು ಮೇಜಿಗೂರಿ, ರಿಸೀವರನ್ನು ಕಿವಿಗಿಟ್ಟು, ಎದುರಿಗೆ ಕೂತವನತ್ತ ‘ಸ್ವಲ್ಪ ತಾಳಿ’ ಎಂದು ಬೆರಳೆತ್ತುವುದನ್ನು ನೋಡಿದ್ದೆ. ಆ ಬೆರಳೆತ್ತುವ ಭಾಗ್ಯ ನನಗೂ ಬೇಕಿತ್ತು.

ನನ್ನಾಕೆ ಸಾವಿತ್ರಿ ಗೋಡೆಯ ಫೋನಿನ ಪಕ್ಷ. “ನಿಂತ್ಕಂಡು ಮಾತಾಡಿದ್ರೆ ಕಾಲು ನೋವು ಬತ್ತದೆ ಕಣ್ರೀ. ಆಗ ಮಾತು ಬೇಗ ಮುಗೀತದೆ” ಎಂದಳು. ನಿಂತು ಮಾತನಾಡುವುದನ್ನು ಕೋರ್ಟಿನಲ್ಲಿ ದಿನವೂ ಮಾಡುತ್ತೇನೆ, ಮನೆಯಲ್ಲಾದರೂ ಕೂತು ಮಾತನಾಡುತ್ತೇನೆ ಎಂದು ವಾದಿಸಿ ಗೆದ್ದೆ. ಆ ವರ್ಷ ನಾನು ಗೆದ್ದ ವಾದಗಳಲ್ಲಿ ಅದು ಎರಡನೆಯದೋ ಮೂರನೆಯದೋ ಇರಬೇಕು.

ಫೋನು ಹಾಕಲು ಬಂದವನು ನಾಣು ಎಂಬ ಲೈನ್‌ಮ್ಯಾನ್. ತಂತಿ ಹಿತ್ತಲ ಕಂಬದಿಂದ ಅಡುಗೆಮನೆಯ ಸೂರಿನಡಿ ನುಗ್ಗಿ ಒಳಗೆ ಬಂತು. ಆಫೀಸಿಗೂ ಅಡುಗೆಮನೆಗೂ ನಡುವೆ ಇರುವ ಬಾಗಿಲ ಪಕ್ಕದ ಗೋಡೆಗೆ ನಾಣು ಒಂದು ಪುಟ್ಟ ಪೆಟ್ಟಿಗೆ ಬಡಿದ. ಪೆಟ್ಟಿಗೆಯಿಂದ ಫೋನಿಗೆ ಬಟ್ಟೆ ಸುತ್ತಿದ ವಯರು. ನಾನು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನತ್ತ ಹೊರಟೆ. ಎರಡನೆಯ ಹೆಜ್ಜೆಗೆ ಅದು ಹಗ್ಗ ಎಳೆದು ಹಿಡಿದ ಹಸುವಿನ ಹಾಗೆ ನಿಂತುಬಿಟ್ಟಿತು. “ವಯರ್ ಇಷ್ಟೇ ಉಂಟು ಸಾರ್. ಮೇಜನ್ನೇ ಇಲ್ಲಿಗೆ ತನ್ನಿ” ಎಂದ ನಾಣು. ಮೇಜು ತಂದರೆ ಬಾಗಿಲು ಮುಚ್ಚಿಹೋಗಿ, ಅಡುಗೆಮನೆಯಿಂದ ಬರುವ ಕಾಫಿ ಕಿಟಕಿಯಿಂದ ಬರಬೇಕಾಗುತ್ತಿತ್ತು. ಹೀಗಾಗಿ ನನ್ನ ಮೇಜಿನ ಫೋನು, ಸಾವಿತ್ರಿ ಕೂತು ತರಕಾರಿ ಹೆಚ್ಚುತ್ತಿದ್ದ ಗಿಡ್ಡ ಸ್ಟೂಲಿನ ಮೇಲೆ ಸ್ಥಾಪನೆಯಾಯಿತು. ಮಾತನಾಡಬೇಕಾದರೆ ನಾನು ಕುಕ್ಕರಗಾಲಲ್ಲಿ ಕೂರಬೇಕು. ಮೊಣಕೈ ಊರಲು ಸ್ವಂತ ಮೊಣಕಾಲು ಬಿಟ್ಟರೆ ಬೇರೆ ಜಾಗವಿಲ್ಲ. ಬೆರಳೆತ್ತಿದರೆ ಎದುರಿಗೆ ಕಾಣುತ್ತಿದ್ದದ್ದು ಒಲೆ ಮಾತ್ರ.

ಆದರೂ ಫೋನಿನ ಮಹಿಮೆಯಿಂದಲೋ ಏನೋ, ಮೊದಲ ದೊಡ್ಡ ಕೇಸು ಬಂತು. ಪಾಲಿಬೆಟ್ಟದ ಕಾಫಿ ಬೆಳೆಗಾರ ಬೋಪಯ್ಯನವರದು. ಅವರ ಎಸ್ಟೇಟಿನಿಂದ ದೊಡ್ಡ ರಸ್ತೆಗೆ ಹೋಗುವ ಗಾಡಿದಾರಿ ಪಕ್ಕದ ಬೋಜಮ್ಮನವರ ತೋಟದ ಒಳಗೆ ಹಾಯುತ್ತದೆ. ಬೋಜಮ್ಮ ಗಂಡ ತೀರಿಕೊಂಡ ಮೇಲೆ ತೋಟವನ್ನು ತಾವೇ ನಡೆಸುತ್ತಿದ್ದವರು. ಒಂದು ದಿನ ಇದ್ದಕ್ಕಿದ್ದಂತೆ ಆ ದಾರಿಗೆ ಗೇಟು ಹಾಕಿ ಬೀಗ ಜಡಿದಿದ್ದರು. ಕೇಸು ಎರಡು ವರ್ಷ ಕುಂಟಿ, ಬೇರೊಬ್ಬ ವಕೀಲರ ಕೈಯಿಂದ ನನ್ನ ಕೈಗೆ ಬಂದಿತ್ತು. ಕಾಫಿ ಹಣ್ಣು ಬಿಡಿಸುವ ಪಿಕ್ಕಿಂಗ್ ಹತ್ತಿರ ಬಂದಿತ್ತು. ಹೋದ ಸಲದಂತೆ ಈ ಸಲವೂ ದಾರಿ ಸಿಗದಿದ್ದರೆ ಕಾಫಿಯನ್ನು ತಲೆಹೊರೆಯಲ್ಲಿ ನೀರು ಹರಿಯುವ ತೋಡು ದಾಟಿಸಬೇಕು. “ವಕೀಲರೇ, ಹೋದ ವರ್ಷ ಅರ್ಧ ಕಾಫಿ ತೋಡಿನ ಮೀನಿಗೆ ಹೋಯ್ತು. ಈ ಸಲ ಎಂಥಾದರೂ ಮಾಡಿ” ಎಂದರು ಬೋಪಯ್ಯ. ಈ ಕೇಸು ಗೆದ್ದರೆ ಕರಾರು ಪತ್ರದ ಹೆಸರು ಹೋಗುತ್ತದೆ, ಸೋತರೆ ಅದೇ ಹೆಸರಿನಲ್ಲಿ ಮುದುಕನಾಗುತ್ತೇನೆ ಎಂದು ನನಗೆ ಗೊತ್ತಿತ್ತು.

ಬೋಪಯ್ಯನವರ ಮನೆಯಲ್ಲಿ ಫೋನಿತ್ತು. ದಿನಾ ಬೆಳಿಗ್ಗೆ ನಾನು ಕುಕ್ಕರಗಾಲಲ್ಲಿ ಕೂತು, ಫೋನಿನ ಪಕ್ಕದ ಹಿಡಿ ತಿರುಗಿಸಿ, ಗುಟ್ಟಿನ ಸಲಹೆಗಳನ್ನು ರವಾನಿಸುತ್ತಿದ್ದೆ. ‘ನಿಮ್ಮ ಮುದಿ ಮೇಸ್ತ್ರಿಯನ್ನು ಸಾಕ್ಷಿಗೆ ತನ್ನಿ. ಬಾಲ್ಯದಿಂದ ಆ ದಾರಿ ನೋಡಿದ್ದೇನೆ ಅನ್ನಲಿ’ ಎಂದೆ. ಕೋರ್ಟಿನಲ್ಲಿ ಎದುರು ವಕೀಲರು ಎದ್ದು ಕೇಳಿದ ಮೊದಲ ಪ್ರಶ್ನೆಯೇ, ‘ನಿನ್ನ ಬಾಲ್ಯ ಕಳೆದದ್ದು ಎಲ್ಲಿ?’ ಎಂದು. ಮೇಸ್ತ್ರಿ ನಿಜ ಹೇಳಿದ: “ಸೇಲಂನಲ್ಲಿ.” ಅಲ್ಲಿಗೆ ನನ್ನ ಸಾಕ್ಷಿ ಮುಗಿಯಿತು. ಆಮೇಲೆ, ಕೋರ್ಟಿನಿಂದ ಕಮಿಷನರನ್ನು ಕರೆಸಿ ಜಾಗ ತೋರಿಸೋಣ ಎಂದು ಫೋನಿನಲ್ಲಿ ಪಿಸುಗುಟ್ಟಿದೆ. ಕಮಿಷನರು ಹೋಗಿ ನೋಡಿದರೆ ಗಾಡಿದಾರಿಯ ಉದ್ದಕ್ಕೂ ಕಿತ್ತಳೆ ಸಸಿಗಳು! ಆ ಜಾಗದಲ್ಲಿ ಕಿತ್ತಳೆಯಲ್ಲದೆ ಬೇರೇನೂ ಇರಲೇ ಇಲ್ಲವೇನೋ ಎಂಬಂತೆ ಸಾಲಾಗಿ ನಿಂತು ನಗುತ್ತಿದ್ದವು.

ಗುಟ್ಟು ಸೋರುತ್ತಿತ್ತು. ಎಲ್ಲಿಂದ? ಗುಮಾಸ್ತನೇ ಎನ್ನೋಣವೆಂದರೆ ನನಗೆ ಗುಮಾಸ್ತನಿರಲಿಲ್ಲ. ಉಳಿದವಳು ಸಾವಿತ್ರಿ. ಒಂದು ಬೆಳಿಗ್ಗೆ ಬುದ್ಧಿಗೆಟ್ಟು, “ನೀನು ನೀರು ತರೋ ಕಡೆ ಯಾರ ಹತ್ರಾದ್ರೂ ಕೇಸಿನ ಸುದ್ದಿ ಮಾತಾಡ್ತೀಯಾ?” ಎಂದು ಕೇಳಿಬಿಟ್ಟೆ. ಅವಳು ಕಾಫಿ ಲೋಟವನ್ನು ಸ್ಟೂಲಿನ ಪಕ್ಕ ನೆಲದ ಮೇಲೆ ಕುಕ್ಕಿ ಒಳಗೆ ಹೋದಳು. ಮೂರು ದಿನ ನಮ್ಮ ಮನೆಯಲ್ಲಿ ಮಾತನಾಡಿದ್ದು ಫೋನೊಂದೇ.

ನಾಲ್ಕನೆಯ ದಿನ ನಾನು ಬಚ್ಚಲಲ್ಲಿದ್ದಾಗ ಬೋಪಯ್ಯನವರ ಫೋನು ಬಂತು. ಒಲೆಯ ಮುಂದಿದ್ದ ಸಾವಿತ್ರಿಗೆ ರಿಸೀವರು ಒಂದು ಹೆಜ್ಜೆ, ಎತ್ತಿಕೊಂಡಳು. ನಾನು ಟವೆಲು ಸುತ್ತಿ ಓಡಿಬಂದಾಗ ಅವಳು ಹೇಳುತ್ತಿದ್ದಳು: “ನಿಮ್ಮನೆ ಕೋಳಿ ಮೊಟ್ಟೆ ಇಟ್ಟಂಗಿದೆ ಬೋಪಯ್ಯನೋರೇ, ಒಂದೇ ಸಮ ಕೂಗ್ತಿದೆ.” ಆ ಕಡೆಯಿಂದ, “ನಮ್ಮಲ್ಲಿ ಕೋಳಿ ಎಲ್ಲಿಯಮ್ಮ? ಎಲ್ಲಾ ನರಿ ಕೊಂಡೋಯ್ತು. ಕೋಳಿ ಇರೋದು ಬೋಜಮ್ಮನ ಮನೇಲಿ.” ಸಾವಿತ್ರಿ ರಿಸೀವರಿನ ಬಾಯಿ ಮುಚ್ಚಿ, ಮೂರು ದಿನದ ಮೇಲೆ ಮೊದಲ ಸಲ ನನ್ನ ಮುಖ ನೋಡಿದಳು. ಆ ನೋಟದಲ್ಲಿ ಒಂದು ಪೂರಾ ತೀರ್ಪು ಇತ್ತು.

ವಿಷಯ ಇಷ್ಟೇ. ಪಾಲಿಬೆಟ್ಟದ ಆ ಎರಡು ಎಸ್ಟೇಟುಗಳಿಗೂ ಒಂದೇ ಲೈನು. ಗಂಟೆ ಒಂದು ಸಲ ಹೊಡೆದರೆ ಬೋಪಯ್ಯನವರಿಗೆ, ಎರಡು ಸಲ ಹೊಡೆದರೆ ಬೋಜಮ್ಮನವರಿಗೆ. ಯಾರ ಮಾತು ನಡೆಯುತ್ತಿದ್ದರೂ ಇನ್ನೊಬ್ಬರು ಮೆಲ್ಲಗೆ ರಿಸೀವರೆತ್ತಿ ಕೇಳಬಹುದು. ಮೊದಲೇ ಯಾಕೆ ಹೇಳಲಿಲ್ಲ ಎಂದು ಆಮೇಲೆ ಕೇಳಿದ್ದಕ್ಕೆ ಬೋಪಯ್ಯ, “ನೀವು ಕೇಳ್ಲಿಲ್ಲ” ಎಂದರು.

ಸಾವಿತ್ರಿಯ ಕ್ಷಮೆ ಕೇಳಬೇಕಾದ ಹೊತ್ತಿನಲ್ಲಿ ನನ್ನ ತಲೆಗೆ ಕುಚೇಷ್ಟೆ ಏರಿತ್ತು. ಕೇಳುವವರಿಗೆ ಕೇಳುವಂಥದ್ದನ್ನೇ ಕೊಡೋಣ ಎಂದುಕೊಂಡೆ. ಮರುದಿನ ಬೋಪಯ್ಯನವರನ್ನು ಫೋನಿನಲ್ಲಿ ಕರೆದು, ನಾಟಕದ ರಾಜನ ಗತ್ತಿನಲ್ಲಿ ಹೇಳಿದೆ: “ಹಳೇ ನಕ್ಷೆ ಸಿಕ್ಕಿತು ಬೋಪಯ್ಯನವರೇ! ದಾರಿ ಬಿಡಿ, ಬೋಜಮ್ಮ ಕಾಫಿ ಒಣಗಿಸೋ ಕಣ ಕೂಡ ನಿಮ್ಮದೇ ಅಂತ ಅದರಲ್ಲಿದೆ!”

ಲೈನಿನಲ್ಲಿ ಮರುಕ್ಷಣ ಹೆಂಗಸಿನ ಸಿಡಿಲು ಬಡಿಯಿತು. “ಯಾವ ನಕ್ಷೆ? ಎಲ್ಲುಂಟು ನಕ್ಷೆ? ಸುಳ್ಳು ಹೇಳ್ಲಿಕ್ಕೆ ನಾಚಿಕೆ ಆಗೋದಿಲ್ವಾ ನಿಮಗೆ?”

“ಕದ್ದು ಕೇಳ್ಲಿಕ್ಕೆ ನಿಮಗೆ ಆಗೋದಿಲ್ವಾ?” ಎಂದು ಬೋಪಯ್ಯ ಗುಡುಗಿದರು. ಇಬ್ಬರೂ ನನ್ನ ಕಿವಿಯೊಳಗೆ ನಿಂತು ಬೈದಾಡತೊಡಗಿದರು. ನಾನು ಗಾಬರಿಯಿಂದ ಎದ್ದು ನಿಂತೆ. ವಯರಿನ ಅಳತೆ ಮರೆತಿತ್ತು. ಸ್ಟೂಲು ಮಗುಚಿ ಫೋನು ಢಬ್ಬನೆ ಬಿತ್ತು. ಅದನ್ನು ಹಿಡಿಯಲು ಹೋದ ನಾನೂ ಬಿದ್ದೆ. ಸಾವಿತ್ರಿ ಬಂದು ನಮ್ಮಿಬ್ಬರಲ್ಲಿ ಮೊದಲು ಫೋನನ್ನು ಎತ್ತಿದಳು.

“ಬೋಜಮ್ಮಕ್ಕಾ, ನಾನು ವಕೀಲರ ಮನೆಯೋಳು. ನಕ್ಷೆಗಿಕ್ಷೆ ಏನಿಲ್ಲ, ಅದು ಇವ್ರ ತರ್ಲೆ. ನಂಗೊಂದು ಹೇಳಿ. ಅಷ್ಟು ವರ್ಷ ಬಿಟ್ಟಿದ್ದ ದಾರಿಗೆ ಬೀಗ ಯಾಕೆ ಹಾಕಿದ್ರಿ?”

ರಿಸೀವರಿನಿಂದ ಕೇಳುತ್ತಿದ್ದ ಕಿರುಚಾಟ ತಟ್ಟನೆ ನಿಂತಿತು. ನಾನು ನೆಲದಿಂದಲೇ ಕಿವಿಯನ್ನು ಹತ್ತಿರ ತಂದೆ. ಬೋಜಮ್ಮನ ದನಿ ಬದಲಾಗಿತ್ತು. “ನಮ್ಮೋರು ತೀರಿಕೊಂಡ ದಿನ ಅಂಗಳದಲ್ಲಿ ಅವರನ್ನ ಮಲಗಿಸಿದ್ವಿ. ಆಗ ಇವರ ಗಾಡಿ ಎತ್ತಿನ ಗಂಟೆ ಝಣಝಣ ಅನ್ನಿಸ್ಕೊಂಡು ಎದುರಿಗೇ ಹೋಯ್ತಮ್ಮಾ. ಒಂದು ನಿಮಿಷ ನಿಲ್ಲಿಸ್ಲಿಲ್ಲ. ಇವರೂ ಬರ್ಲಿಲ್ಲ.”

ಬೋಪಯ್ಯನವರ ದನಿಯೂ ತಗ್ಗಿತು. “ನಾನು ಅವತ್ತು ಮೈಸೂರಲ್ಲಿದ್ದೆ. ಗಾಡಿಯವ ಹೊಸಬ, ಅವನಿಗೆ ಗೊತ್ತಾಗ್ಲಿಲ್ಲ. ಬಂದು ಸುದ್ದಿ ಕೇಳಿದ ಕೂಡ್ಲೇ ಗಂಟೆ ಬಿಚ್ಚಿಸಿದೆ. ಇವತ್ತಿಗೂ ನನ್ನ ಎತ್ತಿಗೆ ಗಂಟೆ ಇಲ್ಲ ಬೋಜಮ್ಮ. ನಿಮ್ಮಲ್ಲಿಗೆ ಎರಡು ಸಲ ಬಂದೆ. ಗೇಟಿಗೆ ಬೀಗ ಇತ್ತು.”

“ಕೂಗಬಾರ್ದಿತ್ತಾ?”

“ಕೂಗಿದ್ರೆ ಬೈತೀರಿ ಅಂತ.”

“ಬೈತಿದ್ದೆ” ಎಂದರು ಬೋಜಮ್ಮ. “ಆದ್ರೆ ತೆಗೀತಿದ್ದೆ.”

ಸಾವಿತ್ರಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎರಡು ವರ್ಷದಲ್ಲಿ ಇಬ್ಬರು ವಕೀಲರು ಕೇಳಿದ್ದ ಪ್ರಶ್ನೆಗಳೆಲ್ಲ ದಾರಿ ಎಷ್ಟು ಅಗಲ, ಎಷ್ಟು ಉದ್ದ ಎಂಬವೇ. ನಾನೂ ಟೇಪು ಹಿಡಿಸಿ ಅಳೆಸಿದ್ದೆ. ಬೀಗದ ಬಗ್ಗೆ ಬೋಜಮ್ಮನನ್ನು ಕೇಳಬೇಕೆಂದು ನನ್ನ ದಪ್ಪ ಪುಸ್ತಕಗಳಲ್ಲಿ ಎಲ್ಲೂ ಬರೆದಿರಲಿಲ್ಲ.

ಪಿಕ್ಕಿಂಗ್ ಶುರುವಾಗುವ ಮುಂಚೆ ಗೇಟು ತೆರೆಯಿತು. ಕಿತ್ತಳೆ ಸಸಿಗಳನ್ನು ಬೋಪಯ್ಯನವರ ಆಳುಗಳೇ ಮಣ್ಣುಸಮೇತ ಎಬ್ಬಿಸಿ ಬೋಜಮ್ಮನವರ ಅಂಗಳದ ಬದಿಗೆ ನೆಟ್ಟುಕೊಟ್ಟರು. ನಾನು ರಾಜಿ ಅರ್ಜಿ ಬರೆದು ಕೋರ್ಟಿಗೆ ಕೊಟ್ಟೆ. ಮುನ್ಸೀಫರು ಕನ್ನಡಕದ ಮೇಲಿಂದ ನೋಡಿ, ‘ಇಷ್ಟು ಎಳೆಯ ವಯಸ್ಸಿನಲ್ಲಿ ಇಂಥ ಪಕ್ವತೆ ಅಪರೂಪ’ ಎಂದು ತುಂಬಿದ ಕೋರ್ಟಿನಲ್ಲಿ ನನ್ನನ್ನು ಹೊಗಳಿದರು. ನಾನು ವಿನಯದಿಂದ ತಲೆ ಬಾಗಿಸಿದೆ. ನಿಜ ಹೇಳಲು ಅದು ಸರಿಯಾದ ಸಮಯವೆಂದು ಅನಿಸಲಿಲ್ಲ. ಆಮೇಲೂ ಯಾಕೋ ಸಮಯ ಕೂಡಿಬರಲಿಲ್ಲ.

ಸಾವಿತ್ರಿಯ ಕ್ಷಮೆಯನ್ನೇನೋ ಕೇಳಿದೆ. ಅವಳು ಕ್ಷಮಿಸಿದಳು ಕೂಡ. ಆದರೆ ಅಲ್ಲಿಂದಾಚೆ ನಮ್ಮ ಮನೆಗೆ ಬರುವ ಫೋನಿನಲ್ಲಿ ಮುಕ್ಕಾಲುಪಾಲು, “ಅಮ್ಮ ಇದ್ದಾರಾ?” ಎಂದೇ ಶುರುವಾಗತೊಡಗಿತು. ಎಲ್ಲರಿಗಿಂತ ಹೆಚ್ಚು ಮಾತನಾಡುವವರು ಬೋಜಮ್ಮ. ಒಂದು ಬೆಳಿಗ್ಗೆಯೂ ಹಾಗೇ ಆಯಿತು. ನಾನು ಹಲೋ ಎಂದರೆ, “ನೀವಾ? ಸಾವಿತ್ರಿಗೆ ಕೊಡಿ” ಎಂದರು. ಕೊಟ್ಟೆ. ಅವಳು ಕಣ್ಣಲ್ಲೇ ನನ್ನನ್ನು ಆಚೆ ಕಳಿಸಿ ಮಾತಿಗೆ ಕೂತಳು. ಮಧ್ಯೆ ‘ಇವ್ರು’ ಎಂಬ ಶಬ್ದ ಎರಡು ಸಲ ಬಂತು, ಅದರ ಹಿಂದೆ ನಗು ಬಂತು. ಕದ್ದು ಕೇಳುವುದು ಎಂಥ ನೀಚ ಕೆಲಸವೆಂದು ಬೋಪಯ್ಯನವರಿಗೆ ಅರ್ಧ ಗಂಟೆ ಉಪನ್ಯಾಸ ಕೊಟ್ಟಿದ್ದ ನಾನು ಕಾಲ ತುದಿಯಲ್ಲಿ ನಡೆದು ಬಾಗಿಲ ಹಿಂದೆ ನಿಂತೆ, ಉಸಿರು ಬಿಗಿಹಿಡಿದೆ.

“ಇವ್ರಾ?” ಎಂದು ಸಾವಿತ್ರಿ ಹೇಳುತ್ತಿದ್ದಳು. “ಇಲ್ಲೇ ಬಾಗ್ಲಿಂದೆ ನಿಂತ್ಕಂಡು ಕೇಳ್ತಾ ಅವ್ರೆ ಕಣಕ್ಕಾ.”

ನಾನು ಕೆಮ್ಮಿದೆ. ಪಾಲಿಬೆಟ್ಟದ ತುದಿಯಿಂದ ಬೋಜಮ್ಮ ನಕ್ಕಿದ್ದು ಬಾಗಿಲ ಹಿಂದಿನವರೆಗೂ ಕೇಳಿಸಿತು. ಅದರ ಜೊತೆಗೆ ಇನ್ನೊಂದು ಗಂಡಸಿನ ನಗುವೂ ಕೇಳಿಸಿತು. ಬೋಪಯ್ಯನವರದೇ.