ಯಂತ್ರದೊಳಗಿನ ಯಂತ್ರವೂ ಹಾಜಿಯ ದಿಂಬಿನ ಗವುಸೂ

ಕಿವಿಗೊಟ್ಟು ಕೇಳಿರಿ, ಪ್ರಿಯ ಸಹೋದರ ಸಹೋದರಿಯರೇ! ನಮಗೆ ನಾಲಿಗೆಯನ್ನು ದಯಪಾಲಿಸಿದ ಕರುಣಾಮಯನು ಅದರ ಮುಂದೆ ಹಲ್ಲುಗಳ ಗೋಡೆಯನ್ನು ಕಟ್ಟಿ, ಆ ಗೋಡೆಗೆ ತುಟಿಗಳ ಕದವನ್ನು ಇರಿಸಿದ್ದು ಸುಮ್ಮನೆ ಅಲ್ಲ. ಏಕೆಂಬುದನ್ನು ನಮ್ಮ ಕಸಂತೀನಾ ಪಟ್ಟಣದ ಹಾಜಿ ಬೂಜಮಾ ಒಂದು ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕುಳಿತು ಕಲಿತ ಬಗೆಯನ್ನು ಈಗ ಹೇಳುತ್ತೇನೆ.

ಹಾಜಿ ಅಂಚೆ ಕಚೇರಿಯಿಂದ ನಿವೃತ್ತನಾದ ಸಜ್ಜನ. ನಮಾಜು ತಪ್ಪಿಸಿದವನಲ್ಲ, ನೆರೆಯವರ ಮನ ನೋಯಿಸಿದವನಲ್ಲ. ಅವನಿಗಿದ್ದ ಚಪಲ ಒಂದೇ: ಇನ್ನೂ ಬಿಡುಗಡೆಯಾಗದ ಸಾಫ್ಟ್‌ವೇರನ್ನು ಲೋಕಕ್ಕಿಂತ ಮೊದಲು ತಾನು ಮುಟ್ಟಿ ನೋಡುವುದು. ಅವನ ಮಡದಿ ಅಕೀಲಾ ಮದುಮಗಳ ಮಖಮಲ್ಲಿನ ನಿಲುವಂಗಿಗೆ ಚಿನ್ನದ ದಾರದ ಕಸೂತಿ ಹಾಕುವವಳು. ಚಿತ್ತಾರವನ್ನು ಅವಳು ಕಂಪ್ಯೂಟರಿನಲ್ಲಿ ಬರೆದರೆ, ಪಕ್ಕದ ಕಸೂತಿ ಯಂತ್ರ ಅದನ್ನು ಬಟ್ಟೆಯ ಮೇಲೆ ಹೊಲಿಯುತ್ತದೆ. ಮನೆಗೆ ಇದ್ದ ಕಂಪ್ಯೂಟರ್ ಒಂದೇ. ಜಗಳಕ್ಕೆ ಇಷ್ಟು ಸಾಲದೇ?

ನಾವು ಒಳಗೆ ಕಾಲಿಡುವಷ್ಟರಲ್ಲಿ ಅದು ಆಗಲೇ ಹೊತ್ತಿಕೊಂಡಿತ್ತು.

ಅಕೀಲಾ: ಮುಟ್ಟಿದ್ರಾ, ಇಲ್ವಾ? ಅಷ್ಟು ಹೇಳಿ ಸಾಕು.

ಬೂಜಮಾ: ಮುಟ್ಟಿದೀನಿ. ಆದ್ರೆ ಮುಟ್ಟಿಲ್ಲ, ಲಲ್ಲಾ.

ಅಕೀಲಾ: ಲಲ್ಲಾ ಅಂದ್ರಾ? ಮುಗೀತು ಕಥೆ! ಮದುವೆಯಾದಾಗಿಂದ ನೋಡ್ತಾ ಇದೀನಿ, ಏನಾದ್ರೂ ಒಡೆದು ಹಾಕಿದಾಗ ಮಾತ್ರ ನಾನು ನಿಮಗೆ ಮರ್ಯಾದೆಯ ಲಲ್ಲಾ. ಮಿಕ್ಕ ದಿನ ‘ಏ ಅಕೀಲಾ, ಕಾಫಿ ಎಲ್ಲಿ?’

ಬೂಜಮಾ: ಏನೂ ಒಡೆದಿಲ್ಲ ಮಾರಾಯ್ತಿ. ನಿನ್ನ ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್ ಕೂರಿಸಿದೀನಿ, ಅಷ್ಟೇ. ವರ್ಚುವಲ್ ಮಷಿನ್ ಅಂತಾರೆ.

ಅಕೀಲಾ: ಒಳಗೆ ಅಂದ್ರೆ? ಮುಚ್ಚಳ ಬಿಚ್ಚಿದ್ರಾ?

ಬೂಜಮಾ: ಒಂದು ಸ್ಕ್ರೂ ಮುಟ್ಟಿಲ್ಲ. ಅದಕ್ಕೆ ಕೈ ಇಲ್ಲ, ಕಾಲಿಲ್ಲ, ಮೈಯೇ ಇಲ್ಲ. ಆದ್ರೂ ಇದೆ.

ಅಕೀಲಾ: ಬಿಸ್ಮಿಲ್ಲಾ! ಮೈಯಿಲ್ಲದ್ದನ್ನ ಮನೆಯೊಳಗೆ ಕೂರಿಸಿದೀರಾ? ಅದಕ್ಕೇ ಇದು ಬೆಳಗಿಂದ ಏದುಸಿರು ಬಿಡ್ತಾ ಇರೋದು.

ಬೂಜಮಾ: ಏದುಸಿರಲ್ಲ, ಫ್ಯಾನ್ ತಿರುಗ್ತಿದೆ. ಮೆಮೊರಿಯಲ್ಲಿ ಅರ್ಧ ಒಳಗಿನದಕ್ಕೆ ಕೊಟ್ಟೆ ನೋಡು, ಅದಕ್ಕೆ.

ಅಕೀಲಾ: ಅರ್ಧ! ನಾನು ದುಡಿಯೋ ಯಂತ್ರದ ಅರ್ಧ ಜ್ಞಾಪಕಶಕ್ತಿ ಕಿತ್ತು ಕೊಟ್ರಾ? ಮನೇಲಿ ಒಬ್ಬರಿಗೆ ಜ್ಞಾಪಕ ಇಲ್ಲದೆ ಇರೋದು ಸಾಲ್ದಾಗಿತ್ತಾ?

ಹಾಜಿಯ ಹಿಂಜರಿಕೆಗೆ ಕಾರಣವಿತ್ತು. ಹಿಂದೊಮ್ಮೆ ಅವನು ಇಂಥದೇ ಒಂದು ಬಲಿಯದ ಸಾಫ್ಟ್‌ವೇರನ್ನು ನೇರವಾಗಿ ಇದೇ ಕಂಪ್ಯೂಟರಿಗೆ ಇಳಿಸಿದಾಗ, ಅದು ಅಕೀಲಾಳ ಚಿತ್ತಾರಗಳನ್ನೆಲ್ಲ ನುಂಗಿ ತೇಗಿತ್ತು. ಆಮೇಲೆ ಎಷ್ಟೋ ದಿನ ಅವಳು ಗಂಡನೊಡನೆ ನೇರವಾಗಿ ಮಾತನಾಡಲಿಲ್ಲ. ಬಾಲ್ಕನಿಯ ಪಂಜರದಲ್ಲಿ ಹಾಜಿ ಸಾಕಿದ ಕೆಂಪು ಮೊಗದ ಹಾಡುಹಕ್ಕಿ, ಮಕ್ನೀನ್, ಇತ್ತಲ್ಲ. ಹೇಳಬೇಕಾದದ್ದನ್ನೆಲ್ಲ ಅದಕ್ಕೆ ಹೇಳುತ್ತಿದ್ದಳು. ‘ಮಕ್ನೀನ್, ನಿನ್ನ ಯಜಮಾನರಿಗೆ ಊಟ ಆರ್ತಾ ಇದೆ ಅಂತ ಹೇಳು.’ ಒಂದೇ ಮೇಜಿನಲ್ಲಿ ಕುಳಿತು ಉಂಡರೂ ನಡುವೆ ಹಕ್ಕಿಯೊಂದು ದುಭಾಷಿಯಾಗುವ ದುಃಖವನ್ನು ಉಂಡವನೇ ಬಲ್ಲ. ಆ ದಿನಗಳು ಮತ್ತೆ ಬರಬಾರದೆಂದೇ ಹಾಜಿ ಈ ಸಲ ಇಷ್ಟು ಜಾಗ್ರತೆ ವಹಿಸಿದ್ದ.

ಬೂಜಮಾ: ನಮ್ಮ ಅತಿಥಿಗಳ ಕೋಣೆ ಇದೆಯಲ್ಲ, ಹಾಗೆ ಅಂದ್ಕೋ. ಗುರುತಿಲ್ಲದವರು ಬಂದ್ರೆ ಎಲ್ಲಿ ಕೂರಿಸ್ತೀಯ? ಅಲ್ಲಿ. ಬೇರೆ ತಟ್ಟೆ, ಬೇರೆ ಲೋಟ. ಮಲಗೋ ಕೋಣೆಗೆ ಬಿಡ್ತೀಯಾ?

ಅಕೀಲಾ: ನಿಮ್ಮ ಅಣ್ಣ ಬಂದಾಗ ಬೀರೂನೂ ತೆಗೆದು ನೋಡಿದ್ರು.

ಬೂಜಮಾ: ನನ್ನ ಅಣ್ಣನ ಮಾತು ಬಿಡು. ಚಿತ್ತಾರ ಬರೆಯೋ ಈ ಹೊಸ ಪ್ರೋಗ್ರಾಂ ಆ ಕೋಣೆ ದಾಟೋಕ್ಕಾಗಲ್ಲ. ಒಳಗಿನ ಯಂತ್ರಕ್ಕೆ ಡಿಸ್ಕಲ್ಲಿ ಬೇರೆ ಜಾಗ ಕೊಟ್ಟು, ಅದರಲ್ಲಿ ವಿಂಡೋಸ್ ಹೊಸದಾಗಿ ಹಾಕಿ, ಅದರ ಮೇಲೆ ಇದನ್ನ ಇಳಿಸಿದೀನಿ. ಕಸೂತಿ ಯಂತ್ರದ ಕೇಬಲ್ಲೂ ಸದ್ಯಕ್ಕೆ ಒಳಗಿನದಕ್ಕೇ ಕೊಟ್ಟಿದೀನಿ. ಪರೀಕ್ಷೆ ಪೂರ್ತಿ ಆಗ್ಬೇಕಲ್ಲ. ಏನಾದ್ರೂ ಕೆಟ್ಟರೆ ಒಂದೇ ಗುಂಡಿ! ಮೊದಲು ಹೇಗಿತ್ತೋ ಹಾಗೆ.

ಅಕೀಲಾ: ಏನು, ಆಗಿದ್ದು ಆಗ್ಲೇ ಇಲ್ಲ ಅನ್ನೋ ಹಾಗೆ?

ಬೂಜಮಾ: ಆಗ್ಲೇ ಇಲ್ಲ ಅನ್ನೋ ಹಾಗೆ! ಕೆಲಸ ಶುರು ಮಾಡೋ ಮುಂಚೆ ಅದರ ಸ್ಥಿತಿಯನ್ನ ಒಂದು ಫೋಟೋ ತೆಗೆದ ಹಾಗೆ ಹಿಡಿದಿಟ್ಟಿದೀನಿ. ಬೇಕೆಂದಾಗ ಅಲ್ಲಿಗೇ ವಾಪಸ್ಸು.

ಅಕೀಲಾ: ಅಂಥದೊಂದು ಗುಂಡಿ ನನ್ನಪ್ಪ ‘ಹುಡುಗ ಒಳ್ಳೆಯವನು’ ಅಂದ ದಿನ ಇರ್ಬಾರದಿತ್ತಾ?

ಹಾಜಿ ಕೇಳಿಸದವನಂತೆ ಕನ್ನಡಕ ಒರೆಸಿಕೊಂಡ.

ಅಕೀಲಾ: ಅಂಜೂರ ಹಣ್ಣಾಗೋ ತನಕ ಕಾಯದೆ ಕಿತ್ತು ತಿಂದು ಹೊಟ್ಟೆ ಹಿಡ್ಕೊಳ್ಳೋರು ನೀವು. ಬಿಡುಗಡೆ ಆದ್ಮೇಲೆ ಎಲ್ಲರ ಜೊತೆ ನೋಡಿದ್ರೆ ಏನು ಕಮ್ಮಿ ಆಗತ್ತೆ?

ಬೂಜಮಾ: ಎಲ್ಲರೂ ಕಾದ್ರೆ ಹುಳುಕು ಹುಡುಕೋರು ಯಾರು? ಕಂಪನಿಯವರು ನಮ್ಮಂಥೋರನ್ನ ನಂಬ್ಕೊಂಡಿದಾರೆ.

ಅಕೀಲಾ: ಅವರು ನಿಮ್ಮನ್ನ ನೋಡಿಲ್ಲ, ಅದಕ್ಕೆ. ಈಗ ಕೇಳಿ. ಸಂಜೆ ಅಸರ್ ನಮಾಜಾದ ಮೇಲೆ ಲಲ್ಲಾ ಝಹಿಯಾ ಬರ್ತಾರೆ, ಮಗಳ ಉಡುಪಿನ ಎದೆ ಭಾಗದ ಚಿತ್ತಾರ ನೋಡೋಕ್ಕೆ. ಮನಸ್ಸಿಗೆ ಬರದಿದ್ರೆ ಸೇತುವೆ ಆ ಕಡೆಯ ಕಸೂತಿಯವಳ ಹತ್ತಿರ ಹೋಗ್ತೀನಿ ಅಂತ ಮುಖದ ಮೇಲೇ ಹೇಳಿದಾರೆ. ಅವರ ಮನೆಯ ಮೂರು ತಲೆಮಾರಿನ ಮದುಮಕ್ಕಳಿಗೆ ನಮ್ಮ ಮನೇದೇ ಕಸೂತಿ. ನನ್ನ ಕಾಲಕ್ಕೆ ಅದು ನಿಂತು ಹೋಗ್ಬಾರದು. ನೀವು ಮಧ್ಯಾಹ್ನದ ಜುಹರ್ ನಮಾಜಿಗೆ ಮಸೀದಿಗೆ ಹೊರಡಿ, ನಾನು ಕೂತು ಬರೀಬೇಕು.

ಬೂಜಮಾ: ಹೊರಟೆ. ಅಂದ ಹಾಗೆ, ನನ್ನ ದಿಂಬಿನ ಗವುಸು ಎಲ್ಲಿ? ರಾತ್ರಿಯೆಲ್ಲ ಬರೀ ಹತ್ತಿ ಮೇಲೆ ಮಲಗಿದೀನಿ. ಹೋದ ತಿಂಗಳೂ ಒಂದು ಹೀಗೇ ಮಾಯ ಆಯ್ತು.

ಅಕೀಲಾ: ಮೈಯಿಲ್ಲದ್ದು ತಗೊಂಡು ಹೋಗಿರತ್ತೆ. ಹೊರಡ್ರಿ!

ಹಾಜಿ ಹೊರಟ. ಹೊರಡುವ ಅವಸರದಲ್ಲಿ ಒಂದು ಸಣ್ಣ ಕೆಲಸ ಮರೆತ: ಒಳಗಿನ ಯಂತ್ರವನ್ನು ಪರದೆಯ ತುಂಬ ಹರಡಿ ಇಟ್ಟಿದ್ದನಷ್ಟೇ, ಅದನ್ನು ಕುಗ್ಗಿಸಲಿಲ್ಲ. ಹೊರಗಿನದು ಸಂಪೂರ್ಣ ಮರೆಯಾಗಿತ್ತು.

ನಮಾಜು ಮುಗಿಸಿ, ಪೇಟೆಯಲ್ಲಿ ಕೊತ್ತಂಬರಿ ಕಟ್ಟು ಕೊಂಡು, ದಾರಿಯಲ್ಲಿ ಸಿಕ್ಕ ಗೆಳೆಯನಿಗೆ ವರ್ಚುವಲ್ ಮಷಿನ್ನಿನ ಮಹಿಮೆಯನ್ನು ಬಣ್ಣಿಸಿ ಅವನು ಹಿಂತಿರುಗಿದಾಗ, ಅಕೀಲಾ ಅಡುಗೆಮನೆಯಲ್ಲಿದ್ದಳು. ಪರದೆಯ ಮೇಲೆ ಕಂಡದ್ದೇನು? ಬಾಯಿ ಬಿರಿದ ತುಂಬು ದಾಳಿಂಬೆ. ಅದರ ಇಕ್ಕೆಲದಲ್ಲಿ ಕೊಕ್ಕು ಕೂಡಿಸಿದ ಜೋಡಿ ಹಕ್ಕಿ. ಹೊಸ ಸಾಫ್ಟ್‌ವೇರಿನ ಜೊತೆ ಕಂಪನಿಯವರು ಇರಿಸಿದ ಮಾದರಿ ಚಿತ್ತಾರವೆಂದೇ ಹಾಜಿ ಬಗೆದ. ನಿಷ್ಠಾವಂತ ಪರೀಕ್ಷಕನಾದ್ದರಿಂದ ಕೂಡಲೇ ಅವರಿಗೆ ವರದಿಯನ್ನೂ ಬರೆದು ಕಳಿಸಿದ: ‘ನಿಮ್ಮ ಮಾದರಿಯ ದಾಳಿಂಬೆ ತುಸು ದಪ್ಪವಾಯಿತು. ತೆಳ್ಳಗೆ ಮಾಡುವುದು.’ ಬಳಿಕ, ಮಡದಿಗೆ ಅಡ್ಡಿಯಾಗದಂತೆ ಯಂತ್ರವನ್ನು ಚೊಕ್ಕಟ ಮಾಡಿಡೋಣವೆಂಬ ಸದುದ್ದೇಶದಿಂದಲೇ, ಆ ಪ್ರಸಿದ್ಧ ಗುಂಡಿಯನ್ನು ಒತ್ತಿದ.

ದಾಳಿಂಬೆ ಹೋಯಿತು. ಹಕ್ಕಿಗಳು ಹಾರಿದವು. ಪರದೆ ಹಿಮ ಬಿದ್ದ ಬೆಟ್ಟದಂತೆ ಬೆಳ್ಳಗಾಯಿತು.

ಅಕೀಲಾ (ಒಳಗಿನಿಂದ): ಬಂದ್ರಾ? ನಾನು ಬರೆದದ್ದು ನೋಡಿದ್ರಾ?

ಬೂಜಮಾ: ಇನ್ನೂ ಇಲ್ಲ. ಎಲ್ಲಿಟ್ಟಿದೀಯ?

ಅಕೀಲಾ: ಕಣ್ಣ ಮುಂದೆಯೇ ಇದ್ಯಲ್ಲ! ದಾಳಿಂಬೆ, ಎರಡು ಕಡೆ ಹಕ್ಕಿ.

ಕೊತ್ತಂಬರಿ ಕಟ್ಟು ಹಾಜಿಯ ಕೈಯಿಂದ ಜಾರಿ ಕೀಲಿಮಣೆಯ ಮೇಲೆ ಬಿತ್ತು.

ಅಕೀಲಾ: ಈಗ ನೋಡಿದ್ರಾ?

ಬೂಜಮಾ: ನೋಡ್... ನೋಡಿದೆ. ಬಹಳ... ತುಂಬಿಕೊಂಡ ಹಾಗಿದೆ ದಾಳಿಂಬೆ.

ಅಕೀಲಾ: ಅಲ್ವಾ! ಊಟಾನೂ ಬಿಟ್ಟು ಬರೆದೆ. ಇನ್ನೊಂದು ಮಾತು, ಜಂಬ ಪಡ್ಬೇಡಿ. ಪ್ರೋಗ್ರಾಂ ಮುಖ ತೊಳ್ಕೊಂಡ ಹಾಗಿತ್ತು, ನೀವು ತಂದ ಹೊಸದು ಅಂತ ಆಮೇಲೆ ಗೊತ್ತಾಯ್ತು. ಒಳ್ಳೇದಿದೆ ಹಾಜಿ! ಗೆರೆ ಎಳೆದ್ರೆ ಎಲೆ ತಾನಾಗೇ ಬಾಗತ್ತೆ. ಇಷ್ಟು ವರ್ಷದಲ್ಲಿ ಮೊದಲನೇ ಸಲ ಉಪಯೋಗಕ್ಕೆ ಬರೋದೊಂದು ಮನೆಗೆ ತಂದಿದೀರಿ.

ಅಯ್ಯೋ, ಈ ಒಂದು ಹೊಗಳಿಕೆಗಾಗಿ ಆ ಬಡಪಾಯಿ ಎಷ್ಟು ಕಾಲ ಕಾದಿದ್ದ! ಅದು ಬಂದದ್ದಾದರೂ ಯಾವ ಗಳಿಗೆಯಲ್ಲಿ!

ಬೂಜಮಾ: ಸಂತೋಷ, ಲಲ್ಲಾ.

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

ಅಕೀಲಾ: ಲಲ್ಲಾ ಯಾಕೆ?

ಬೂಜಮಾ: ಗೌರವಕ್ಕೆ! ಮಕ್ನೀನ್‌ಗೆ ನೀರು ಹಾಕಿ ಬರ್ತೀನಿ.

ಬಾಲ್ಕನಿ ಸೇರಿ, ಹಾಜಿ ಪಂಜರದ ಮುಂದೆ ಕುಸಿದು ಕುಳಿತ. ಅಸರ್‌ಗೆ ಹೆಚ್ಚು ಹೊತ್ತಿಲ್ಲ. ಹೇಳಲೇಬೇಕು, ಹೇಳುವುದು ಹೇಗೆ? ಹಕ್ಕಿ ಕತ್ತು ಓರೆ ಮಾಡಿ ನೋಡಿತು. ಹಾಜಿ ಗಂಟಲು ಸರಿಮಾಡಿಕೊಂಡು, ಅದನ್ನೇ ಮಡದಿಯೆಂದು ಭಾವಿಸಿ ಮಾತನ್ನು ಪರೀಕ್ಷೆಗೆ ಇಳಿಸಿದ.

ಬೂಜಮಾ: ‘ಲಲ್ಲಾ, ಏನಂತ ಹೇಳ್ಲಿ, ಇದ್ದಕ್ಕಿದ್ದ ಹಾಗೆ ಕರೆಂಟು ಹೋಯ್ತು...’ ಊಹೂಂ. ಫ್ರಿಜ್ಜು ಓಡ್ತಾ ಇದೆ, ಇಲ್ಲಿಗೇ ಕೇಳಿಸತ್ತೆ. ಇದು ನಿಲ್ಲಲ್ಲ. ‘ಲಲ್ಲಾ, ಆ ಕಂಪನಿಯವರು ನೋಡು, ದೂರದಲ್ಲಿ ಕೂತೇ ಎಲ್ಲಾ ಅಳಿಸಿಬಿಟ್ರು...’ ಇದೂ ಬೇಡ. ಅಂಥೋರ ಸಾಮಾನು ಮನೆಗೆ ತಂದಿದ್ದು ಯಾರು ಅಂತಾಳೆ. ಮೇಲಾಗಿ ಕಾಣದವರ ಮೇಲೆ ಸುಳ್ಳು ಹೊರಿಸಿ ಈಗ ಅಸರ್‌ಗೆ ಯಾವ ಮುಖ ಹೊತ್ತು ನಿಲ್ಲಲಿ, ಮಕ್ನೀನ್?

ಬಳಿಕ ಅವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಬೂಜಮಾ: ‘ಅಕೀಲಾ, ನಾನು ಅಳಿಸಿದೆ. ನಿನ್ನದು ಅಂತ ಗೊತ್ತಿರ್ಲಿಲ್ಲ. ಒಂದು ಮಾತು ಕೇಳ್ಬಹುದಿತ್ತು, ಕೇಳ್ಲಿಲ್ಲ. ಅದು ಕಂಪನಿಯವರದ್ದು ಅಂದ್ಕೊಂಡೆ, ಯಾಕಂದ್ರೆ ಅಷ್ಟು ಚೆನ್ನಾಗಿತ್ತು. ನಮ್ಮ ಮನೇಲೇ ಅಂಥದ್ದು ಇದೆ ಅಂತ ನಂಗೆ ಹೊಳೀಲಿಲ್ಲ, ಅದೇ ದೊಡ್ಡ ತಪ್ಪು. ದಪ್ಪ ಅಂತ ಬೇರೆ ಬರೆದು ಕಳಿಸಿದೀನಿ. ಲಲ್ಲಾ ಝಹಿಯಾ ಬಂದ್ರೆ ಬಾಗಿಲಲ್ಲೇ ನಿಂತು, ತಪ್ಪು ನಂದು, ಅವಳದಲ್ಲ ಅಂತ ನಾನೇ ಹೇಳ್ತೀನಿ. ಬೈಯಿ, ಆದ್ರೆ ನಂಗೇ ಬೈಯಿ. ಹಕ್ಕಿ ಹತ್ರ ಹೇಳಿ ಕಳಿಸ್ಬೇಡ.’

ಬಾಗಿಲ ಪರದೆ ಅಲುಗಿತು.

ಅಕೀಲಾ: ಮೂರನೇದು ಸರಿಯಾಗಿದೆ. ಅದನ್ನೇ ಬಿಡುಗಡೆ ಮಾಡಿ.

ಬೂಜಮಾ: ಅಯ್ಯೋ! ನೀನು ಯಾವಾಗಿಂದ ನಿಂತಿದೀಯ?

ಅಕೀಲಾ: ಕರೆಂಟು ಹೋದಾಗಿಂದ.

ಹಾಜಿಗೆ ಕೆನ್ನೆಯಿಂದ ಕಿವಿಯವರೆಗೆ ಬಿಸಿಯೇರಿತು. ಆದರೂ ಎದ್ದು ನಿಂತು, ಹಕ್ಕಿಗೆ ಹೇಳಿದ ಅದೇ ಮಾತನ್ನು ಮಡದಿಯ ಕಣ್ಣು ನೋಡಿ ಮೊದಲಿಂದ ಕೊನೆಯವರೆಗೆ ಹೇಳಿದ. ಹಕ್ಕಿಯ ಮುಂದೆ ಸಲೀಸಾಗಿದ್ದದ್ದು ಇಲ್ಲಿ ಎರಡು ಕಡೆ ತೊದಲಿತು. ಅಕೀಲಾ ಪೂರ್ತಿ ಕೇಳಿದಳು. ಆಮೇಲೆ ಮೇಲುಹೊದಿಕೆಯ ಮಡಿಲಿನಿಂದ ಮಡಿಸಿದ ಬಟ್ಟೆಯೊಂದನ್ನು ತೆಗೆದು ಬಿಡಿಸಿದಳು. ಹಳೆಯ ಬಿಳಿ ಬಟ್ಟೆ. ಅದರ ನಟ್ಟನಡುವೆ, ಹಳದಿ ದಾರದಲ್ಲಿ, ಬಾಯಿ ಬಿರಿದ ತುಂಬು ದಾಳಿಂಬೆ, ಕೊಕ್ಕು ಕೂಡಿಸಿದ ಜೋಡಿ ಹಕ್ಕಿ.

ಬೂಜಮಾ: ಇದು... ಇದು ನನ್ನ ದಿಂಬಿನ ಗವುಸು!

ಅಕೀಲಾ: ಹೂಂ. ಮಖಮಲ್ಲಿಗೆ ಸೂಜಿ ಚುಚ್ಚೋಕ್ಕೆ ಮುಂಚೆ ಒಂದು ಹಳೇ ಬಟ್ಟೆ ಮೇಲೆ ಹೊಲಿದು ನೋಡದೆ ನಾನು ಯಾವತ್ತು ಬಿಟ್ಟಿದೀನಿ? ಕೆಟ್ಟರೆ ಇಲ್ಲೇ ಕೆಡ್ಲಿ ಅಂತ. ನಿಮ್ಮ ಗವುಸೆಲ್ಲಾ ಎಲ್ಲಿ ಹೋಗ್ತಿತ್ತು ಅಂದ್ಕೊಂಡ್ರಿ?

ಬೂಜಮಾ: ಅಂದ್ರೆ ಇದೇ ವರ್ಚುವಲ್ ಮಷಿನ್ನು!

ಅಕೀಲಾ: ಹೆಸರು ಏನು ಬೇಕಾದ್ರೂ ಇಟ್ಕೊಳ್ಳಿ. ಇದಕ್ಕೆ ಗುಂಡಿ ಇಲ್ಲ, ನೀವು ಒತ್ತೋಕ್ಕಾಗಲ್ಲ. ಬನ್ನಿ, ಇದನ್ನ ನೋಡ್ಕೊಂಡು ಮತ್ತೆ ಬರೀತೀನಿ. ನೀವು ಪಕ್ಕದಲ್ಲಿ ಕೂತು ಗವುಸು ಹಿಡ್ಕೊಳ್ಳಿ. ಎರಡೂ ಕೈಯಲ್ಲಿ! ಒಂದು ಕೈ ಖಾಲಿ ಇದ್ರೂ ನಂಗೆ ಭಯ.

ಬೂಜಮಾ: ಗವುಸು ಇತ್ತು ಅಂದ್ಮೇಲೆ ನನ್ನನ್ನ ಇಷ್ಟು ಹೊತ್ತು ಯಾಕೆ ಬೇಯಿಸಿದೆ?

ಅಕೀಲಾ: ಮೂರನೇದು ಬರತ್ತೋ ಇಲ್ವೋ ನೋಡ್ಬೇಕಿತ್ತು.

ಅಸರ್ ಮುಗಿಯುತ್ತಲೇ ಲಲ್ಲಾ ಝಹಿಯಾ ಬಂದಳು. ಕಾಫಿಯನ್ನು ಮುಟ್ಟುವುದಕ್ಕೂ ಮೊದಲು ಗವುಸನ್ನು ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, ದಾಳಿಂಬೆಯ ಸುತ್ತ ಬೆರಳಾಡಿಸಿದಳು.

ಝಹಿಯಾ: ಮಾಶಾ ಅಲ್ಲಾ! ಹಣ್ಣು ಅಂದ್ರೆ ಹೀಗೆ ತುಂಬಿರ್ಬೇಕು, ಅಕೀಲಾ. ಎಷ್ಟೋ ಕಡೆ ನೋಡಿದೀನಿ, ಬಡಕಲು ದಾಳಿಂಬೆ. ಮದುವೆ ಮನೇನೋ ಆಸ್ಪತ್ರೇನೋ ಗೊತ್ತಾಗಲ್ಲ. ಸೇತುವೆ ಆ ಕಡೆ ನಾನು ಹೋಗಲ್ಲ. ಈ ಗವುಸೂ ನಂಗೇ ಬೇಕು, ಮಗಳ ಮಂಚಕ್ಕೆ.

ಬೂಜಮಾ: ಗವುಸಾ? ಆದ್ರೆ ಅಕೀಲಾ, ರಾತ್ರಿಗೆ ನಂಗೆ...

ಅಕೀಲಾ: ಮಕ್ನೀನ್‌ನ ಕೇಳಿ.

ಪ್ರಿಯರೇ, ಹಾಜಿ ಆ ರಾತ್ರಿಯೂ ಬರಿಯ ಹತ್ತಿಯ ಮೇಲೆಯೇ ಮಲಗಿದ. ಆದರೆ ಬಹಳ ಸುಖವಾಗಿ ಮಲಗಿದ, ಏಕೆಂದರೆ ‘ಮುಸುಕು ಎಳ್ಕೊಳ್ಳಿ, ಚಳಿ ಇದೆ’ ಎಂಬ ಮಾತು ಅವನಿಗೆ ನೇರವಾಗಿ ಬಂದಿತು, ನಡುವೆ ಹಕ್ಕಿಯಿರಲಿಲ್ಲ. ಅವನ ಮೊದಲಿನ ಎರಡು ನೆಪಗಳನ್ನು ಅಕೀಲಾ ಆಮೇಲೆ ಎಂದೂ ಎತ್ತಿ ಆಡಲಿಲ್ಲ. ಹೊರಬೀಳದೆ ಒಳಗೇ ಮುರಿದುಬಿದ್ದ ಸುಳ್ಳನ್ನು ಒಬ್ಬ ಮಡದಿಯೇ ಹೀಗೆ ಮನ್ನಿಸಬಲ್ಲಳಾದರೆ, ಅವಳನ್ನು ಸೃಷ್ಟಿಸಿದವನ ಕ್ಷಮೆ ಎಷ್ಟು ದೊಡ್ಡದಿರಬೇಡ! ಆದುದರಿಂದ ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ: ಇಂದು ಮನೆಗೆ ಹೋಗಿ ಯಾರಿಗಾದರೂ ಏನನ್ನಾದರೂ ಹೇಳಬೇಕೆಂದಿರುವಿರಲ್ಲ, ಕೋಪದ ಮಾತಾಗಲಿ, ನೆಪದ ಮಾತಾಗಲಿ, ಅದನ್ನು ಮೊದಲು ಎದೆಯ ಆ ಮುಚ್ಚಿದ ಕೋಣೆಯಲ್ಲಿ, ಎಲ್ಲವನ್ನೂ ಕೇಳುವವನ ಮುಂದೆ ಒಮ್ಮೆ ಓಡಿಸಿ ನೋಡಿರಿ. ಕೆಡುವುದು ಅಲ್ಲಿಯೇ ಕೆಡಲಿ. ಕೊನೆಗೆ ನಿಂತ ಮಾತನ್ನು ಮಾತ್ರ, ತೊದಲಿದರೂ ಸರಿಯೇ, ಅವರ ಕಣ್ಣು ನೋಡಿ ಹೊರಬಿಡಿರಿ.