ಮಾಮಾನ ಹಗ್ಗದ ಮ್ಯಾಲಿನ ಗಿಳಿ

ನೀವು ನಂಬಂಗಿಲ್ಲ. ನಂಬಬ್ಯಾಡ್ರಿ, ನನಗೇನೂ ಬ್ಯಾಸರಿಲ್ಲ. ಆದ್ರೂ ಹೇಳೇ ಬಿಡ್ತೇನಿ: ಇಳಕಲ್ಲಿನಾಗ ನನ್ನ ಸ್ವಂತ ಸೋದರಮಾವಗ ನಾ "ಮಾಮಾ" ಅಂತ ಒದರಿದ್ರ ಅಂವ ಹೊಳ್ಳಿ ಸೈತ ನೋಡಂಗಿಲ್ಲ! ಯಾಕಂದ್ರ ಇಡೀ ಊರ ಅಂವಗ ಮಾಮಾ ಅಂತೈತಿ. ಹಾಲಿನಂವಗ ಮಾಮಾ, ಬಸ್ ಕಂಡಕ್ಟರಗ ಮಾಮಾ, ಕಲ್ಲಿಗೆ ಪಾಲಿಶ್ ಹೊಡಿಯೋ ಹುಡುಗರಿಗೆ ಮಾಮಾ, ಆ ಹುಡುಗರ ಮುತ್ಯಾಗೂ ಮಾಮಾ! ಅಂವ ನಮ್ಮವ್ವನ ಒಡಹುಟ್ಟಿದ ತಮ್ಮ. ಅವ್ವಗ ಮಗ ಅಂತ ಇರಾಂವ ನಾ ಒಬ್ಬನ. ಅಂದ್ರ ಖರೆ ಅಳಿಯ ಈ ಭೂಮಿ ಮ್ಯಾಲೆ ನಾ ಒಬ್ಬನ ಹೌದಲ್ಲ? ಅಂಥಾ ನಾ ಬಾಗಲಕೋಟಿಯಿಂದ ಬಸ್ಸಿನಾಗ ಜೋತಾಡಕೋತ ಹೋದ್ರ, ಮಾಮಾನ ಮನಿ ಮುಂದ ಪಾಳಿ ಹಚ್ಚಬೇಕು! ಹೊಟ್ಟಿ ಉರೀದ ಏನ್ ಮಾಡೀತ್ರಿ?

ಕೆಲಸಕ್ಕ ಅಂವ ನೇಕಾರ. ಹುಚ್ಚು ಮಾತ್ರ ಬ್ಯಾರೆ. ಹೆಣಮಕ್ಕಳು ಸೀರಿ ಮ್ಯಾಲೆ ಎಳಿ ಎಣಿಸಿ ಕಸೂತಿ ಹಾಕ್ತಾರಲ್ಲ, ಆ ಕಸೂತಿ ಚಿತ್ರ ಬರಿಯೋ ಹುಚ್ಚು. ಮಗ್ಗ ಬಿಟ್ಟು ಎದ್ದ ಅಂದ್ರ ಪೆನ್ಸಿಲ್ ಕೈಯಾಗ. ಚೌಕಿನ ಹಾಳಿ ಬೇಕಂತ ನನ್ನ ಗಣಿತದ ಪಟ್ಟೀನ ಹರದು ಹರದು ಆನಿ, ನವಿಲ, ತುಳಸಿಕಟ್ಟಿ ಬರದಾನ. ಗಣಿತದಾಗ ನಾ ಯಾಕ ನಪಾಸ್ ಅಂತ ಈಗ ತಿಳೀತಿಲ್ರಿ?

"ಗಣಮಗ ಆಗಿ ಕಸೂತಿ ಏನೋ ಮಾರಾಯಾ?" ಅಂತ ಯಾರರ ನಕ್ರ, "ಯಾಕಪಾ, ಸೂಜಿಗೇನ ಮೀಸಿ ಕಾಣ್ತೈತೇನ?" ಅಂತಾನ.

ಬರಿಯೋದು ಇರಲಿ. ನಮ್ಮ ಬಾದಾಮಿ ಅತ್ತಿ, ಅಂದ್ರ ನಮ್ಮ ಅಪ್ಪನ ತಂಗಿ, ತನ್ನ ಕಸೂತಿ ಚಿತ್ರ ಟ್ರಂಕಿನಾಗ ಇಟ್ಟು, ಕೀಲಿ ಹಾಕಿ, ಕೀಲಿಕೈ ಸೊಂಟಕ್ಕ ಸಿಗಿಸಿಕೊಂಡು ಮಲಗ್ತಾಳ. ಶ್ಯಾಣ್ಯಾರು ಹಂಗ ಮಾಡ್ತಾರ. ನಮ್ಮ ಮಾಮಾ ಏನ್ ಮಾಡ್ತಾನ? ಕಿಟಕಿಯಿಂದ ಬೇವಿನ ಗಿಡಕ್ಕ ಹಗ್ಗ ಕಟ್ಯಾನ, ಅರಬಿ ಒಣಹಾಕೋ ಕ್ಲಿಪ್ಪಿನ್ಲೆ ಚಿತ್ರ ಎಲ್ಲಾ ನಡು ಓಣ್ಯಾಗ ತೂಗುಬಿಟ್ಟಾನ! "ಯಾರ ಬೇಕಾದ್ರೂ ನೋಡ್ರಿ, ಬರಕೊಳ್ರಿ, ಹೆಚ್ಚು ಕಡಿಮಿ ಮಾಡ್ರಿ. ಆದ್ರ ತಿದ್ದಿದ್ದನ್ನ ಕದ್ದ ಇಟಗೋಬ್ಯಾಡ್ರಿ, ತಂದು ಇಲ್ಲೇ ಹಾಕ್ರಿ" ಅಂತಾನ. ಓಣಿಗೆ ಟಿ.ವಿ. ಇನ್ನೂ ಬಂದಿಲ್ಲ. ಸಂಜೀಕ ಮಂದಿ ಹಗ್ಗ ನೋಡಾಕ ಬರ್ತಾರ!

ಒಮ್ಮೆ ಒಂದ ಆಡು ನವಿಲಿನ ಚಿತ್ರ ಪೂರಾ ತಿಂತು. ನನಗ ಒಳಗೊಳಗ ಭಾಳ ಖುಷಿ ಆತು ನೋಡ್ರಿ! "ಈಗೇನ ಮಾಡ್ತಿ ಮಾಮಾ? ಟ್ರಂಕಿನಾಗ ಇಟ್ಟಿದ್ರ ಆಡು ಕೀಲಿ ತಗೀತಿತ್ತೇನು?" ಅಂದೆ. ಮಾಮಾ ಆಡಿನ ಬೆನ್ನ ಸವರಕೋತ ಕುಂತ. ಮುಂಜಾನಿ ಎದ್ದು ನೋಡ್ತೇನಿ, ಹಗ್ಗದ ಮ್ಯಾಲೆ ನವಿಲಿನ ಹಿಂಡ! ಹಿಂದಕ ಬರಕೊಂಡು ಹೋದವ್ರೆಲ್ಲಾ ಸುದ್ದಿ ಕೇಳಿ ತಂತಮ್ಮದು ತಂದು ಸಿಗಿಸಿದ್ರು. ಅದರಾಗ ಕಂಡಕ್ಟರನ ಹೇಣ್ತಿ ತಂದ ನವಿಲಿಗಂತೂ ಮಾಮಾನ ನವಿಲಿಗಿಂತ ಚಂದ ಗರಿ. ಮಾಮಾ ಅದನ್ನ ನೋಡಿ "ಶಾಬಾಸ್!" ಅಂತ ಒದರಿದ. ನನಗ ಹುಟ್ಟಿದಾಗಿಂದ ಒಂದ ಶಾಬಾಸ್ ಅಂದಿಲ್ಲ ಅಂವ! ಕಂಡಕ್ಟರನ ಹೇಣ್ತಿಗೆ ಶಾಬಾಸ್!

ಅವತ್ತ ನಿಕ್ಕಿ ಮಾಡಿದೆ, ಮಾಮಾನ ಕಡೆಯಿಂದ ಬರೇ ನನ್ನದಂತ ಒಂದರ ವಸೂಲ ಮಾಡಬೇಕು. ಸುದೈವಕ್ಕ ಬಾದಾಮಿ ಅತ್ತಿ ಮಗಳ ಮದುವಿ ಬಂತು. ಅತ್ತಿ ಪ್ರತಿಸಲ ಹೊಸಾ ಕಸೂತಿ ಉಟಗೊಂಡು ಬಂದು ಅವ್ವಗ, "ವೈನಿ, ಇಂಥಾದ್ದು ಯಾರ ಹಂತ್ಯಾಕೂ ಇಲ್ರಿ" ಅಂತಾಳ. ಈ ಸಲ ಅವ್ವ ಅನ್ನಬೇಕು!

"ಮಾಮಾ, ಅವ್ವನ ಸೀರಿಗೊಂದು ಗಿಳಿ ಬರದು ಕೊಡು. ಹಗ್ಗಕ್ಕ ಮಾತ್ರ ಹಾಕಬ್ಯಾಡ."

"ಹಗ್ಗಕ್ಕ ಹಾಕ್ಲಿಲ್ಲಂದ್ರ ನಾಕ ಮಂದಿ ಹೆಂಗ ನೋಡ್ತಾರಲೇ?"

"ಯಾರೂ ನೋಡಬಾರದಂತನ!"

"ಯಾರೂ ನೋಡಬಾರದಂದ್ರ ಯಾಕ ಬರೀಬೇಕು?"

"ಊರಿಗೆಲ್ಲಾ ಕೊಡ್ತಿ. ಖರೆ ಅಳಿಯಗ ಒಂದ ಗಿಳಿ ಕೊಡಾಕ ಕೈ ಬರವಲ್ದು?"

ಇದನ್ನಂದಾಗ ನನ್ನ ಧ್ವನಿ ಸ್ವಲ್ಪ ಒಡೀತು. ವಯಸ್ಸಿಂದು ಬಿಡ್ರಿ, ಎಲ್ಲಾ ಹುಡುಗರಿಗೂ ಒಡೀತೈತಿ. ಮಾಮಾ ನನ್ನ ಮಾರಿ ನೋಡಿ, ಗಿಳಿ ಬರೀಲಿಕ್ಕೆ ಕುಂತ. ನಾ ಬಾಗಲಾ ಹಾಕ್ಕೊಂಡು ಕಾವಲ ನಿಂತೆ. ಯಾರರ ಬಂದ್ರ? "ಲಗೂ ಮುಗಸು, ಲಗೂ ಮುಗಸು" ಅಂತ ಜೀವಾ ತಿಂದೆ. ಹಾಳಿ ಮಡಚಿ ಅಂಗಿ ಒಳಗ ಇಟಗೊಂಡು ಓಡಿದೆ.

ಇಳಕಲ್ಲಿನಾಗ ಹಾಕಿಸಿದ್ರ ಗುಟ್ಟು ಉಳದೀತೇನು? ಹುನಗುಂದಕ್ಕ ಹೋದೆ. ಅಲ್ಲಿ ನನ್ನ ಗೆಳೆಯನ ಅಕ್ಕ ಕಸೂತಿ ಹಾಕ್ತಾಳ. ಸೀರಿ, ಹಾಳಿ ಕೊಟ್ಟು ಅಪ್ಪಣಿ ಮಾಡಿದೆ: "ಚೌಕ ಎಣಿಸಿ ಇದ್ದಂಗ ಹಾಕು. ಯಾರಿಗೂ ತೋರಸಬ್ಯಾಡ, ಏನೂ ಕೇಳಬ್ಯಾಡ."

ಆಕಿ ಹಾಳಿ ನೋಡಿ, "ತಮ್ಮಾ, ಒಂದ ಮಾತು..." ಅಂದ್ಲು.

"ಮಾತ ಇಲ್ಲಕ್ಕಾ!"

ಸೀರಿ ತರಾಕ ಹೋದಾಗ ಮತ್ತ, "ಅಲ್ಲಪಾ, ಆ ಗಿಳಿದು..."

"ಗುಟ್ಟು ಅಂದ್ರ ಗುಟ್ಟು!" ಅಂತ ಸೀರಿ, ಹಾಳಿ ಎರಡೂ ಕಸಗೊಂಡು ಬಂದೆ.

ಮದುವ್ಯಾಗ ಅವ್ವ ಆ ಸೀರಿ ಉಟಗೊಂಡು ನಿಂತ್ಲು. ಸೆರಗಿನ ತುಂಬಾ ಹಸರ ಗಿಳಿ! ಬಾದಾಮಿ ಗುಡ್ಡದ ಮಂಗ್ಯಾ ಸೈತ ಇಳದು ಬಂದು ನೋಡಿದ್ವು. ನಾನ ಅತ್ತಿ ಕೈ ಹಿಡದು ಎಳಕೊಂಡು ಬಂದೆ. "ನೋಡತ್ತಿ! ಇಂಥಾದ್ದು ಯಾರ ಹಂತ್ಯಾಕರ ಐತೇನು?"

ಅತ್ತಿ ಸೆರಗ ಹಿಡದು ನೋಡಿದ್ಲು. ಮತ್ತೂ ಬಗ್ಗಿ ನೋಡಿದ್ಲು. "ಇಲ್ಲಪಾ, ಖರೇನ ಯಾರ ಹಂತ್ಯಾಕೂ ಇಲ್ಲ" ಅಂದ್ಲು. "ವೈನಿ, ನಿಮ್ಮ ಗಿಳಿಗೆ ವಯಸ್ಸಾಗೇತೇನ್ರಿ? ಕೋಲ ಹಿಡಕೊಂಡ ನಿಂತಂಗ ಐತಿ!"

ನೋಡ್ತೇನಿ, ಒಂದೊಂದು ಗಿಳಿಗೂ ಮೂರ ಮೂರ ಕಾಲು!

"ಅದ ಕಾಲಲ್ಲ, ಬಾಲ!" ಅಂತ ಒದರಿದೆ.

"ಬಾಲ ಹಿಂದ ಬ್ಯಾರೆ ಐತಲ್ಲೋ!" ಅಂದ್ಲು ಅತ್ತಿ.

ಹಂದರ ಹಾರಿ ಹೋಗೂವಂಗ ನಕ್ರು ಮಂದಿ. ಅವ್ವ ನಗಲಿಲ್ಲ. ಸೆರಗ ಸುತ್ತಿ ಸೊಂಟಕ್ಕ ಸಿಗಿಸಿದ್ಲು, ಗಿಳಿ ಕಾಣಧಂಗ. ಆಮ್ಯಾಲೆ ನನಗ ಹೋಳಿಗಿ ಸೇರಲಿಲ್ಲ. ನಂಬ್ರಿ, ಇದೊಂದರ ನಂಬ್ರಿ!

ಮರುದಿನ ಮುಂಜಾನಿ ಬಸ್ಸಿಗೆ ಇಳಕಲ್ಲಿಗೆ ಹೋಗಿ ಮಾಮಾನ ಎದೀ ಮ್ಯಾಲೆ ನಿಂತೆ. "ಕಂಡಕ್ಟರನ ಹೇಣ್ತಿಗೆ ಹಂಗ ಮಾಡ್ತಿದ್ದೇನು? ಬೇಕಂತನ ಮಾಡಿ ನೀ!"

ಮಾಮಾ ನಾ ಒಗದ ಹಾಳಿ ಬಿಚ್ಚಿ ನೋಡಿ ತಲಿ ಹಿಡಕೊಂಡ. "ಮೂರನೇದು ಕಾಲಲ್ಲಲೇ, ಗಿಳಿ ಕುಂದ್ರೋ ಟೊಂಗಿ ಬರಿಯಾಕ ಚಾಲೂ ಮಾಡಿದ್ದೆ. ನೀ ಲಗೂ ಲಗೂ ಅಂದಿ, ಅಲ್ಲೇ ಬಿಟ್ಟೇನಿ."

"ನೋಡಕೋಬಾರದಾ?"

"ನಾ ಮಾಡಿದ ತಪ್ಪು ನನಗ ಹೆಂಗ ಕಾಣಬೇಕಪಾ? ಅದಕ್ಕಲ್ಲೇನು ಹಗ್ಗಕ್ಕ ಹಾಕೋದು? ಅರ್ಧಾ ದಿನಾ ಹಾಕಿದ್ರ ಕಾಯಿಪಲ್ಯ ಮಾರಾಕ ಬರೋ ಮುದುಕಿ ಹೇಳ್ತಿದ್ಲು."

ಹುನಗುಂದದ ಅಕ್ಕನ "ಒಂದ ಮಾತು" ಈಗ ನೆನಪಾತು. ಹಾಳಿ ಕಸಗೊಂಡು ಹರೀಬೇಕು ಅನ್ನೋದ್ರಾಗ ಬಾಗಲದಾಗ ಅವ್ವ! ಮದುವಿ ಮುಗಿಸಿ ತವರಮನಿಗೆ ಬಂದಾಳ. ಮೈಮ್ಯಾಲೆ ಅದ ಸೀರಿ! ಸೆರಗ ಬಿಚ್ಚಿ ಬಿಟ್ಟಾಳ, ಬಸ್ ಸ್ಟ್ಯಾಂಡಿನಿಂದ ಓಣಿ ತನಕಾ ಎಲ್ಲಾರಿಗೂ ಕಾಣೂವಂಗ!

ನನ್ನ ಕೈಯಾಗಿನ ಹಾಳಿ ತಗೊಂಡ್ಲು. ಹೊರಗ ಹೋಗಿ ಹಗ್ಗಕ್ಕ ಸಿಗಿಸಿದ್ಲು. ಮುಗೀತು! ನನ್ನ ಗುಟ್ಟು, ನನ್ನ ಹಕ್ಕು, ಎಲ್ಲಾ ಒಂದ ಕ್ಲಿಪ್ಪಿನಾಗ ಮುಗೀತು.

"ಅವ್ವಾ, ಮಂದಿ ನಗ್ತಾರ..."

"ನಗಲಿ. ನಕ್ಕೋತ ತಿದ್ತಾರ. ನಾಳಿಂದ ಊರೆಲ್ಲಾ ಎರಡ ಕಾಲಿನ ಗಿಳಿ ಹಾಕ್ಕೊಳ್ಳಲಿ."

"ಹಂಗಾರ ನಿಂದೂ ಒಂದೊಂದ ಕಾಲು ಬಿಚ್ಚಿಸಿಬಿಡವ್ವಾ."

ಅವ್ವ ನನ್ನ ತಲಿಗೆ ಮೊಟಕಿದ್ಲು. "ಖೋಡಿ, ಬಿಚ್ಚಿಸಿದ್ರ ಎಲ್ಲಾರದೂ ನಂದೂ ಒಂದ ಆಗಂಗಿಲ್ಲೇನು? ಯಾರ ಹಂತ್ಯಾಕೂ ಇರಬಾರದು ಅಂತ ಮಾಡಿಸಿದಾಂವ ನೀನ. ಮೂರ ಕಾಲಿಂದು ಈಗ ಯಾರ ಹಂತ್ಯಾಕೈತಿ, ಹೇಳು?"

ಅಷ್ಟಂದು ಆ ಸೆರಗಿನ್ಲೇನ ನನ್ನ ಮಾರಿ ಒರಸಿದ್ಲು. ಮೂರನೇ ಕಾಲು ಮೂಗಿಗೆ ಚುಚ್ಚತಿತ್ತು.

ಹೊರಗ ಹಗ್ಗದ ಹಂತ್ಯಾಕ ಯಾರೋ "ಮಾಮಾ!" ಅಂತ ಒದರಿದ್ರು. ಒದರಲಿ ಬಿಡ್ರಿ.